ಕೆನೆಯಲ್ಲಿ ಏಳುವ ನೀಲಿ ಉಂಗುರ

ಗಬ್ಬದ ಹಸು ಕಂದು ಹಾಕಿದಾಗ, ಅಂದರೆ ಅದರ ಗರ್ಭ ಜಾರಿ ಹೋದಾಗ, ಯಾರ ಕಣ್ಣು ಬಿತ್ತೋ ಎಂದು ಹುಡುಕುವವರು ಈಗಲೂ ಇದ್ದಾರೆ. ಅದರ ಒಂದು ದೊಡ್ಡ ಕಾರಣವನ್ನು ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬ್ಯಾಂಗ್ 1897ರಲ್ಲೇ ಕಂಡುಹಿಡಿದಿದ್ದರು. ಬ್ರುಸೆಲ್ಲಾ ಅಬಾರ್ಟಸ್ ಎಂಬ ಬ್ಯಾಕ್ಟೀರಿಯ ಅದು. ಅದು ತರುವ ಕಂದು ರೋಗವನ್ನು (ಬ್ರುಸೆಲ್ಲೋಸಿಸ್) ಪತ್ತೆ ಮಾಡಲು ಹಲವು ಪರೀಕ್ಷೆಗಳಿವೆ. ನನಗೆ ತುಂಬಾ ಇಷ್ಟವಾದದ್ದು ಹಾಲಿನ ಉಂಗುರ ಪರೀಕ್ಷೆ. ಅದಕ್ಕೆ ದೊಡ್ಡ ಯಂತ್ರ ಬೇಡ, ಹಸುವಿಗೆ ಸೂಜಿ ಚುಚ್ಚುವುದೂ ಬೇಡ.

ಸತ್ತ ಬ್ರುಸೆಲ್ಲಾಗಳಿಗೆ ನೀಲಿ ಬಣ್ಣ ಹಾಕಿ ತಯಾರಿಸಿದ ದ್ರವ ಲ್ಯಾಬಿನಲ್ಲಿರುತ್ತದೆ. ಗಾಜಿನ ಕೊಳವೆಯಲ್ಲಿ ಸ್ವಲ್ಪ ಹಸಿ ಹಾಲು ತೆಗೆದುಕೊಂಡು ಆ ನೀಲಿ ದ್ರವದ ಒಂದು ಹನಿ ಬೆರೆಸುತ್ತಾರೆ. 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ಗಂಟೆ ಇಡುತ್ತಾರೆ. ಹಾಲು ಸುಮ್ನೆ ನಿಂತರೆ ಕೊಬ್ಬಿನ ಹನಿಗಳು ಮೇಲಕ್ಕೆ ಬರುತ್ತವೆ ಅಲ್ವಾ? ಎಲ್ಲ ಚಮತ್ಕಾರ ಇರುವುದು ಅಲ್ಲೇ. ಸೋಂಕು ತಗುಲಿದ ಹಸುವಿನ ಹಾಲಿನಲ್ಲಿ ಈ ಬ್ಯಾಕ್ಟೀರಿಯವನ್ನು ಎದುರಿಸಲೆಂದೇ ಮೈ ತಯಾರಿಸಿದ ಪ್ರತಿಕಾಯಗಳಿರುತ್ತವೆ. ಅವು ನೀಲಿ ಬ್ಯಾಕ್ಟೀರಿಯಗಳನ್ನು ಒಂದಕ್ಕೊಂದು ಅಂಟಿಸುತ್ತವೆ. ಆ ಗುಂಪು ಕೊಬ್ಬಿನ ಹನಿಗೂ ಅಂಟಿಕೊಳ್ಳುತ್ತದೆ. ಹನಿ ಮೇಲೇರುವಾಗ ಬಣ್ಣವನ್ನೂ ಹೊತ್ತು ಹೋಗುತ್ತದೆ. ಮೇಲೆ ಕೆನೆಯಲ್ಲಿ ನೀಲಿ ಉಂಗುರ, ಕೆಳಗೆ ಬೆಳ್ಳನೆಯ ಹಾಲು. ಪ್ರತಿಕಾಯ ಇಲ್ಲದಿದ್ದರೆ ಉಲ್ಟಾ: ಕೆನೆ ಬೆಳ್ಳಗೆ, ಕೆಳಗೆಲ್ಲ ನೀಲಿ. ಇಡೀ ಮಂದೆಯ ಹಾಲು ಸೇರಿದ ಕ್ಯಾನಿನಿಂದ ಮಾದರಿ ತೆಗೆದರೂ ನಡೆಯುತ್ತದೆ. ಆದರೆ ಗಿಣ್ಣು ಹಾಲೋ ಕೆಚ್ಚಲು ಬಾವಿನ ಹಾಲೋ ಸೇರಿದ್ದರೆ ಸುಳ್ಳು ಉಂಗುರ ಏಳಬಹುದು.

ಈ ಪರೀಕ್ಷೆಯಲ್ಲಿ ಹಸುವಿನೊಳಗಿನ ಬ್ಯಾಕ್ಟೀರಿಯವನ್ನು ಯಾರೂ ನೋಡಲಿಲ್ಲ. ನೋಡಿದ್ದು ಅದಕ್ಕೆ ಹಸುವಿನ ಮೈ ಕೊಟ್ಟ ಉತ್ತರವನ್ನು. ಕಳ್ಳನನ್ನೇ ಕಣ್ಣಾರೆ ಕಾಣುವುದು ಬೇರೆ, ನಾಯಿ ಬೊಗಳಿದ್ದನ್ನು ಕೇಳಿ ಕಳ್ಳ ಬಂದ ಅನ್ನುವುದು ಬೇರೆ. ಲ್ಯಾಬ್ ವರದಿ ಓದುವ ಎಷ್ಟೋ ಜನರಿಗೆ ಈ ವ್ಯತ್ಯಾಸ ಗೊತ್ತಿಲ್ಲ ಎಂಬುದೇ ನನ್ನ ತಕರಾರು. ಕಂದು ರೋಗಕ್ಕೆ ಎಸ್19 ಎಂಬ ಹಳೆಯ ಲಸಿಕೆ ಇದೆ. ಅದನ್ನು ಹಾಕಿಸಿಕೊಂಡ ಹಸುವಿನ ಮೈಯೂ ಇದೇ ಉತ್ತರ ಕೊಟ್ಟು ಪರೀಕ್ಷೆಯನ್ನು ದಾರಿ ತಪ್ಪಿಸಬಹುದು.

ಮೈಯ ಉತ್ತರವನ್ನು ಓದುವ ವಿದ್ಯೆ ಒಂದು ಸೋಲಿನಿಂದಲೂ ಬೆಳೆಯಿತು. 1890ರಲ್ಲಿ ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಕ್, ಕ್ಷಯದ ಬ್ಯಾಕ್ಟೀರಿಯದಿಂದಲೇ ತೆಗೆದ ಟ್ಯುಬರ್ಕುಲಿನ್ ಎಂಬ ದ್ರವವನ್ನು ಕ್ಷಯಕ್ಕೆ ಮದ್ದು ಎಂದು ಹೊರತಂದರು. ಜಗತ್ತೇ ಕುಣಿದಾಡಿತು. ಮದ್ದಾಗಿ ಅದು ಕೆಲಸಕ್ಕೆ ಬರಲಿಲ್ಲ. ಆದರೆ ಸೋಂಕು ಇದ್ದವರ ಮೈ ಅದಕ್ಕೆ ಜೋರಾಗಿ ಸ್ಪಂದಿಸುತ್ತಿತ್ತು. ದನದ ಡಾಕ್ಟರುಗಳು ಅದನ್ನೇ ಹಿಡಿದುಕೊಂಡರು. ಈಗಲೂ ಟ್ಯುಬರ್ಕುಲಿನ್ನನ್ನು ದನದ ಚರ್ಮದೊಳಗೆ ಚುಚ್ಚಿ, 72 ಗಂಟೆ ಬಿಟ್ಟು, ಚರ್ಮ ಎಷ್ಟು ದಪ್ಪವಾಗಿದೆ ಎಂದು ಅಳೆಯುತ್ತಾರೆ. ಕ್ಷಯದ ಬ್ಯಾಕ್ಟೀರಿಯದ ನೆಂಟರು ಮಣ್ಣಿನಲ್ಲೂ ನೀರಿನಲ್ಲೂ ಇರುತ್ತಾರೆ, ಅವರಿಂದಲೂ ಚರ್ಮ ಊದಬಹುದು. ಅದಕ್ಕೇ ಹಕ್ಕಿಗಳ ಕ್ಷಯದ ಟ್ಯುಬರ್ಕುಲಿನ್ನನ್ನೂ ಪಕ್ಕದಲ್ಲೇ ಚುಚ್ಚಿ, ಎರಡೂ ಊತಗಳನ್ನು ಹೋಲಿಸುವ ಪದ್ಧತಿ ಇದೆ.

ಬೆಕ್ಕಿನ ವಿಷಯದಲ್ಲಿ ಒಂದೇ ಕಿಟ್‌ನಲ್ಲಿ ರೋಗಾಣುವನ್ನೇ ಹುಡುಕುವುದು, ಮೈಯ ಉತ್ತರವನ್ನು ಹುಡುಕುವುದು ಎರಡೂ ಬಗೆ ಸಿಗುತ್ತದೆ. ಎಫ್‌ಇಎಲ್‌ವಿ ಎಂಬ ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ವೈರಸ್‌ಗೆ ಆ ವೈರಸ್‌ನದೇ ಪ್ರೋಟೀನನ್ನು ಹುಡುಕುತ್ತಾರೆ. ಎಫ್‌ಐವಿ, ಅಂದರೆ ಬೆಕ್ಕಿನ ಏಡ್ಸ್ ವೈರಸ್‌ಗೆ ಪ್ರತಿಕಾಯ ಹುಡುಕುತ್ತಾರೆ. ಸೋಂಕಿತ ತಾಯಿಯ ಹಾಲು ಕುಡಿದ ಮರಿಗೆ ತಾಯಿಯ ಪ್ರತಿಕಾಯಗಳೇ ಬಂದಿರುತ್ತವೆ. ವೈರಸ್ ಇಲ್ಲದಿದ್ದರೂ ಪಾಸಿಟಿವ್! ಆರು ತಿಂಗಳು ದಾಟಿದ ಮೇಲೆ ಮತ್ತೆ ಪರೀಕ್ಷಿಸದೆ ಆ ಮರಿಗೆ ಹಣೆಪಟ್ಟಿ ಕಟ್ಟಬಾರದು.

ಲೆಕ್ಕದ ತೊಡಕೂ ಇದೆ. 1,000 ಬೆಕ್ಕುಗಳಲ್ಲಿ 10ಕ್ಕೆ ಮಾತ್ರ ಸೋಂಕು ಅಂದುಕೊಳ್ಳಿ. ಪರೀಕ್ಷೆ ಆ 10ನ್ನೂ ಹಿಡಿಯುತ್ತದೆ, ಸೋಂಕಿಲ್ಲದ 100ರಲ್ಲಿ 2ನ್ನು ಮಾತ್ರ ತಪ್ಪಾಗಿ ಹಿಡಿಯುತ್ತದೆ. ಒಳ್ಳೆಯ ಪರೀಕ್ಷೆಯೇ. ಆದರೂ ಉಳಿದ 990ರಲ್ಲಿ ಸುಮಾರು 20 ಪಾಸಿಟಿವ್ ಬರುತ್ತವೆ. ಒಟ್ಟು 30 ಪಾಸಿಟಿವ್‌ಗಳಲ್ಲಿ 20 ಸುಳ್ಳು. ಆರೋಗ್ಯವಾಗಿ ಕಾಣುವ ಬೆಕ್ಕಿಗೆ ಪಾಸಿಟಿವ್ ಬಂದರೆ ಎರಡನೇ ಪರೀಕ್ಷೆ ಕೇಳುವುದು ಡಾಕ್ಟರ ದುರಾಸೆಯಲ್ಲ.

ಇನ್ನು ಕೆಲವು ಸಲ ಲ್ಯಾಬಿಗೆ ಬಂದು ಕೂತ ಭಯವೇ ವರದಿಯಲ್ಲಿ ಕಾಣುತ್ತದೆ. ಹೆದರಿದ ಬೆಕ್ಕಿನ ರಕ್ತದಲ್ಲಿ ಸಕ್ಕರೆ ಸರಕ್ಕನೆ ಏರುತ್ತದೆ, ಮಧುಮೇಹದಷ್ಟೇ ಜಾಸ್ತಿ. ಆಗ ಫ್ರಕ್ಟೋಸಮಿನ್ ನೋಡುತ್ತಾರೆ. ಅದು ಸಕ್ಕರೆ ಅಂಟಿಕೊಂಡ ಪ್ರೋಟೀನು. ಹಿಂದಿನ ಒಂದೆರಡು ವಾರಗಳ ಸರಾಸರಿ ಅದರಲ್ಲಿರುತ್ತದೆ, ಹತ್ತು ನಿಮಿಷದ ಗಾಬರಿಗೆ ಅದು ಅಲ್ಲಾಡುವುದಿಲ್ಲ. ಪ್ಲೇಟ್‌ಲೆಟ್ ಎಣಿಕೆಯಲ್ಲೂ ಬೆಕ್ಕು ಹೀಗೇ ಕಾಡುತ್ತದೆ. ಅದರ ಪ್ಲೇಟ್‌ಲೆಟ್‌ಗಳು ಕೊಳವೆಯೊಳಗೇ ಗುಂಪುಗೂಡುತ್ತವೆ, ಯಂತ್ರಕ್ಕೆ ಬಿಡಿಬಿಡಿಯಾಗಿ ಎಣಿಸಲು ಆಗದೆ ಸಂಖ್ಯೆ ಕಡಿಮೆ ತೋರಿಸುತ್ತದೆ. ಅಂಥ ವರದಿ ಬಂದರೆ ಲ್ಯಾಬಿನವರು ರಕ್ತವನ್ನು ಗಾಜಿನ ಮೇಲೆ ಸವರಿ, ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ನೋಡಲೇಬೇಕು.