ಹವಳ ಕೊಳ್ಳುವ ಮುನ್ನ ಮರಳನ್ನು ನೋಡಿ

“ಫೋಟೊದಲ್ಲಿದ್ದದ್ದು ಇದೇ ಏನು?” ಎಂದು ಗ್ರಾಹಕರೊಬ್ಬರು ಕೇಳಿದರು. ನಾನು ಮಾರಿ ಕಳುಹಿಸಿದ ಜೀವಂತ ಹವಳದ ತುಣುಕು ಅವರ ಉಪ್ಪುನೀರಿನ ಅಕ್ವೇರಿಯಂ ತೊಟ್ಟಿಯಲ್ಲಿ ಮಂಕು ಕಂದಾಗಿ ಕೂತಿತ್ತು. ನನ್ನ ಚಿತ್ರದಲ್ಲಿ ಅದು ಕಿತ್ತಳೆ ಕೆಂಡ. ನಾನು ಎಡಿಟ್ ಮಾಡಿಲ್ಲ ಎಂದು ಆಣೆಯಿಟ್ಟು ಹೇಳಬಹುದಿತ್ತು, ಅದು ನಿಜವೂ ಆಗಿತ್ತು. ಆದರೆ ಚಿತ್ರ ತೆಗೆದದ್ದು ಕಡುನೀಲಿ ದೀಪದಡಿ, ಮೊಬೈಲ್ ಕ್ಯಾಮೆರಾಕ್ಕೆ ಕಿತ್ತಳೆ ಫಿಲ್ಟರ್ ಸಿಕ್ಕಿಸಿ.

ಹವಳದ ಮೈಯಲ್ಲಿ ಪ್ರತಿದೀಪ್ತಿಯ ಪ್ರೋಟೀನುಗಳಿರುತ್ತವೆ. ನೀಲಿ ಬೆಳಕನ್ನು ಹೀರಿ ಅವು ಹಸಿರು, ಕಿತ್ತಳೆ, ಕೆಂಪಾಗಿ ಹೊರಚೆಲ್ಲುತ್ತವೆ. (ಪ್ರಯೋಗಾಲಯಗಳಲ್ಲಿ ಹೆಸರಾದ ಕೆಂಪು ಪ್ರೋಟೀನು 1999ರಲ್ಲಿ ಬೆಳಕಿಗೆ ಬಂದದ್ದು ಡಿಸ್ಕೋಸೋಮದಿಂದ; ಹೊಸಬರು ಮೊದಲು ಸಾಕುವ ಅದೇ ಅಣಬೆ ಹವಳ.) ಬಿಳಿ ಬೆಳಕಿನಲ್ಲಿ ಈ ಹೊಳಪು ಹಗಲಿನ ಹಣತೆಯಂತೆ ಮುಳುಗಿಹೋಗುತ್ತದೆ. ಕಿತ್ತಳೆ ಫಿಲ್ಟರ್ ನೀಲಿಯನ್ನು ತಡೆದು ಹೊಳಪನ್ನಷ್ಟೇ ಒಳಬಿಡುತ್ತದೆ. ಹಾಗಾಗಿ ಒಂದು ಬಣ್ಣವನ್ನೂ ತಿದ್ದದೆ, ಬರಿಗಣ್ಣಿಗೆ ಎಂದೂ ಕಾಣದ ಹವಳವನ್ನು ನಾನು ಮಾರಿದ್ದೆ.

ಫಿಲ್ಟರ್ ತೆಗೆದಮಾತ್ರಕ್ಕೆ ತಿದ್ದದ ಚಿತ್ರ ಪ್ರಾಮಾಣಿಕವಾಗುವುದೂ ಇಲ್ಲ. ಅಷ್ಟು ನೀಲಿ ಬೆಳಕನ್ನು ಸರಿದೂಗಿಸಲು ಮೊಬೈಲಿನ ವೈಟ್ ಬ್ಯಾಲೆನ್ಸಿಗೆ (ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ಹೊಂದಾಣಿಕೆಗೆ) ಆಗುವುದಿಲ್ಲ. ಫಿಲ್ಟರ್ ಇಲ್ಲದೆ ತೆಗೆದರೆ ಎಲ್ಲಕ್ಕೂ ನೀಲಿ ಬಳಿದ ಚಿತ್ರ ಬರುತ್ತದೆ. ಅದನ್ನು ಕಣ್ಣು ಕಂಡ ಬಣ್ಣಕ್ಕೆ ಮರಳಿ ತರುವುದು ಮಾರುವವನ ಕರ್ತವ್ಯ. ಈಗ ನಾನು ತೊಟ್ಟಿಯ ಎದುರೇ ನಿಂತು, ಪರದೆಯನ್ನೂ ಹವಳವನ್ನೂ ಒಟ್ಟಿಗೆ ನೋಡುತ್ತಾ ತಿದ್ದುತ್ತೇನೆ. ಬಣ್ಣದ ಗಾಢತೆ ಏರಿಸುವ ಸ್ಯಾಚುರೇಶನ್ ಮುಟ್ಟುವುದಿಲ್ಲ. ಒಮ್ಮೆ ಮುಟ್ಟಿದ ಕೈ ಎಲ್ಲಿ ನಿಲ್ಲುತ್ತದೆಂದು ನನಗೇ ನಂಬಿಕೆಯಿಲ್ಲ.

ಕೊಳ್ಳುವವರು ಚಿತ್ರದಲ್ಲಿ ಹವಳವನ್ನು ನೋಡುವ ಮೊದಲು ಅದರ ಸುತ್ತ ನೋಡಬೇಕು. ಬಣ್ಣ ಏರಿಸುವವರು ಸಾಮಾನ್ಯವಾಗಿ ಇಡೀ ಚಿತ್ರಕ್ಕೇ ಏರಿಸುತ್ತಾರೆ. ಬಿಳಿ ಮರಳು ಆಕಾಶನೀಲಿಯಾಗಿದೆಯೇ? ತುಣುಕನ್ನು ಅಂಟಿಸಿದ ಪಿಂಗಾಣಿ ಬಿಲ್ಲೆ ಹೊಳೆಯುತ್ತಿದೆಯೇ? ಕಲ್ಲಿನ ಮೇಲಿನ ನಸುನೇರಳೆ ಕೋರಲೈನ್ ಪಾಚಿ ಉರಿಯುವ ಗುಲಾಬಿಯಾಗಿದೆಯೇ? ಹಾಗಿದ್ದರೆ ಹವಳದ ಬಣ್ಣವೂ ಅಷ್ಟೇ ನಿಜ. ಸುತ್ತಲೂ ಕತ್ತರಿಸಿ ಕಪ್ಪು ಹಿನ್ನೆಲೆ ಮಾತ್ರ ಉಳಿಸಿದ್ದರೆ ಬಿಳಿ ಬೆಳಕಿನಲ್ಲಿ ತೆಗೆದ ಇನ್ನೊಂದು ಚಿತ್ರ ಕೇಳಿ, ಗಾತ್ರ ತಿಳಿಯಲು ಬಿಲ್ಲೆ ಪೂರ್ತಿ ಕಾಣುವಂತಿರಲಿ. ಹತ್ತಿರದಿಂದ ಹಿಗ್ಗಿಸಿ ತೋರಿಸುವ ಮ್ಯಾಕ್ರೊ ಲೆನ್ಸಿನಲ್ಲಿ ಎರಡು ಸೆಂಟಿಮೀಟರಿನ ತುಣುಕೂ ಅಂಗೈಯಗಲ ಕಾಣುತ್ತದೆ.

ಚಿತ್ರ ಎಷ್ಟೇ ಸತ್ಯವಾಗಿದ್ದರೂ ಹವಳ ಅದಕ್ಕೆ ಬದ್ಧವಾಗಿರುವುದಿಲ್ಲ. ಅದರ ಅಂಗಾಂಶದೊಳಗೆ ಝೂಕ್ಸಾಂಥೆಲೆ ಎಂಬ ಕಂದು ಬಣ್ಣದ ಸೂಕ್ಷ್ಮ ಪಾಚಿ ವಾಸಿಸುತ್ತಾ ಅದಕ್ಕೆ ಆಹಾರ ಒದಗಿಸುತ್ತದೆ. ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ಹೆಚ್ಚಿದರೆ ಅಥವಾ ಬೆಳಕು ಸಾಲದೆ ಹೋದರೆ ಈ ಕಂದು ದಟ್ಟವಾಗಿ ಉಳಿದ ಬಣ್ಣಗಳನ್ನು ಮುಚ್ಚುತ್ತದೆ. ಪ್ರಯಾಣದಲ್ಲಿ ಬಳಲಿ ಬೇರೆ ದೀಪದಡಿ ಬಂದ ತುಣುಕು ಬಣ್ಣ ಕಟ್ಟಿಕೊಳ್ಳಲು ವಾರಗಳೋ ತಿಂಗಳುಗಳೋ ಬೇಕಾಗಬಹುದು. ಕೆಲವೊಮ್ಮೆ ಆ ಬಣ್ಣ ಮತ್ತೆ ಬರುವುದೇ ಇಲ್ಲ.

ನನಗೆ ಹೆಚ್ಚು ಆತಂಕ ತರುವುದು ಇದರ ವಿರುದ್ಧದ ಸ್ಥಿತಿ. ಪಾಚಿಯನ್ನು ಕಳೆದುಕೊಂಡು ಬಿಳಿಚುತ್ತಿರುವ ಹವಳ ತಿಳಿಗುಲಾಬಿ, ತಿಳಿನೀಲಿಯಾಗಿ ಚಿತ್ರದಲ್ಲಿ ಬಹಳ ಮುದ್ದಾಗಿ ಕಾಣುತ್ತದೆ. ಆ ತಿಳಿಬಣ್ಣ ಹಸಿವಿನದಾಗಿರಬಹುದು, ಜನ ಮಾತ್ರ ಅದಕ್ಕೇ ಹೆಚ್ಚು ದುಡ್ಡು ಕೊಡುತ್ತಾರೆ. ಹೂವಿನಂಥ ಪುಟ್ಟ ಬಾಯಿಗಳನ್ನು, ಅಂದರೆ ಪಾಲಿಪ್‌ಗಳನ್ನು, ಚಾಚಿಕೊಂಡು, ಬುಡದವರೆಗೂ ಅಂಗಾಂಶ ತುಂಬಿಕೊಂಡ ಕಂದು ತುಣುಕು ಪಕ್ಕದಲ್ಲಿದ್ದರೆ ನಾನು ಅದನ್ನೇ ಆರಿಸುತ್ತೇನೆ.

ಆ ಗ್ರಾಹಕರಿಗೆ ಹಣ ಹಿಂದಿರುಗಿಸುತ್ತೇನೆ ಎಂದೆ. ಅವರು ಬೇಡವೆಂದು ತುಣುಕನ್ನು ಸಾಕಿಕೊಂಡರು. ಮೂರು ತಿಂಗಳ ನಂತರ ಒಂದು ಚಿತ್ರ ಕಳುಹಿಸಿದರು: ಹವಳ ಕಿತ್ತಳೆ ಕೆಂಡವಾಗಿತ್ತು. ಹಿಗ್ಗಿ ಎರಡನೆಯ ಸಲ ನೋಡಿದೆ. ಮರಳೂ ಕಿತ್ತಳೆಗೆ ತಿರುಗಿತ್ತು.