ಇಷ್ಟು ತೊಳೆದರೂ ಮೀನಿನ ಟ್ಯಾಂಕಿನಲ್ಲಿ ಪಾಚಿ ಯಾಕೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಎರಡಡಿ ಅಕ್ವೇರಿಯಂ ಇದೆ, ನಾಲ್ಕು ಗೋಲ್ಡ್‌ಫಿಶ್ ಇವೆ. ಹದಿನೈದು ದಿನಕ್ಕೊಮ್ಮೆ ನೀರೆಲ್ಲ ಖಾಲಿ ಮಾಡಿ, ಕಲ್ಲು, ಫಿಲ್ಟರ್ ಎಲ್ಲ ಉಜ್ಜಿ ತೊಳೆಯುತ್ತೇವೆ. ಆದರೂ ಒಂದೇ ವಾರಕ್ಕೆ ಗಾಜೆಲ್ಲ ಹಸಿರು. ಅಂಗಡಿಯವರು ಪಾಚಿಗೆ ಔಷಧಿ ಇದೆ ಅಂತಾರೆ. ಹಾಕಬಹುದಾ?

ಔಷಧಿ ಬೇಡ. ಪೂರ್ತಿ ತೊಳೆಯುವುದನ್ನೂ ಇವತ್ತೇ ನಿಲ್ಲಿಸಿ. ಈ ಎರಡನೇ ಮಾತು ವಿಚಿತ್ರ ಅನ್ನಿಸಬಹುದು. ಆದರೆ ನಿಮ್ಮ ಮೀನುಗಳಿಗೆ ಪಾಚಿಗಿಂತ ಆ ತೊಳೆತವೇ ಹೆಚ್ಚು ಅಪಾಯ.

ಮೀನಿನ ಹಿಕ್ಕೆ, ಉಳಿದ ಕಾಳು ಕೊಳೆತಾಗ ಅಮೋನಿಯಾ ಆಗುತ್ತದೆ. ಅದು ಮೀನಿಗೆ ವಿಷ. ಫಿಲ್ಟರಿನ ಸ್ಪಂಜು ಮತ್ತು ತಳದ ಕಲ್ಲಿನ ಮೇಲೆ ಮನೆ ಮಾಡಿಕೊಂಡ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಮೀನಿಗೆ ಅಷ್ಟು ಕೆಟ್ಟದ್ದಲ್ಲ, ಆದರೆ ಪಾಚಿಗೆ ಅದೇ ಗೊಬ್ಬರ. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನೀವು ಹದಿನೈದು ದಿನಕ್ಕೊಮ್ಮೆ ಕ್ಲೋರಿನ್ ಇರುವ ನಲ್ಲಿ ನೀರಲ್ಲಿ ಅವನ್ನೆಲ್ಲ ತೊಳೆದುಬಿಟ್ಟರೆ ಟ್ಯಾಂಕು ಯಾವತ್ತೂ ಹೊಸದಾಗಿಯೇ ಇರುತ್ತದೆ. ಮತ್ತೆ ಪಾಚಿ? ಕಣ್ಣಿಗೆ ಕಾಣದಷ್ಟು ಉಳಿದರೂ ಅದಕ್ಕೆ ಸಾಕು. ಅದು ಬೆಳೆಯಲು ಬೇಕಾದ ಬೆಳಕು ಮತ್ತು ಗೊಬ್ಬರ ಎರಡೂ ಹಾಗೇ ಇವೆಯಲ್ಲ.

ಮೊದಲು ಬೆಳಕು ನೋಡಿ. ನಮ್ಮ ಟ್ಯಾಂಕು ಮೊದಲು ಪೂರ್ವದ ಕಿಟಕಿಯ ಎದುರಿಗಿತ್ತು. ಒಂದು ಬೆಳಗ್ಗೆ ಗಾಜನ್ನು ಹತ್ತಿರದಿಂದ ನೋಡಿದೆ. ಪಾಚಿ ಒಂದೇ ಸಮ ಇರಲಿಲ್ಲ. ಕಡು ಹಸಿರು ಪಟ್ಟಿ, ಪಕ್ಕದಲ್ಲಿ ತೆಳು ಪಟ್ಟಿ, ಮತ್ತೆ ಕಡು ಹಸಿರು. ಕಿಟಕಿಯ ಸರಳುಗಳ ನೆರಳು ಎಲ್ಲಿ ಬೀಳುತ್ತಿತ್ತೋ ಅಲ್ಲಿ ಪಾಚಿ ಕಡಿಮೆ! ದಿನಕ್ಕೆ ಎರಡು ಗಂಟೆಯ ಬಿಸಿಲು ಅಷ್ಟು ಕೆಲಸ ಮಾಡಿತ್ತು. ಟ್ಯಾಂಕನ್ನು ಒಳಗಿನ ಗೋಡೆಗೆ ಸರಿಸಿದೆವು. ಆ ಪಟ್ಟಿಗಳು ಮತ್ತೆ ಬರಲಿಲ್ಲ.

ನಿಮ್ಮದಕ್ಕೂ ಬಿಸಿಲು ಬೀಳುತ್ತಿದ್ದರೆ ಜಾಗ ಬದಲಿಸಿ. ಆಗದಿದ್ದರೆ ಆ ಬದಿಯ ಗಾಜಿಗೆ ಹೊರಗಿನಿಂದ ಕಪ್ಪು ಹಾಳೆ ಅಂಟಿಸಿ. ಟ್ಯಾಂಕಿನ ದೀಪ ದಿನಕ್ಕೆ ಆರೇಳು ಗಂಟೆ ಸಾಕು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಟೈಮರ್ ಪ್ಲಗ್ ಸಿಗುತ್ತದೆ, ಸಂಜೆ ನಾಲ್ಕರಿಂದ ಹತ್ತಕ್ಕೆ ಇಟ್ಟರೆ ಮನೆಯವರೆಲ್ಲ ಇರುವಾಗಲೇ ಉರಿಯುತ್ತದೆ. ಗೋಲ್ಡ್‌ಫಿಶ್‌ಗೆ ಕಣ್ಣುರೆಪ್ಪೆ ಇಲ್ಲ. ರಾತ್ರಿ ನಾವು ಕತ್ತಲು ಮಾಡಿಕೊಟ್ಟರೆ ಮಾತ್ರ ಅವಕ್ಕೆ ಕತ್ತಲು.

ಇನ್ನು ಗೊಬ್ಬರ. ಅದು ಬರುವುದು ಹೆಚ್ಚಾಗಿ ಊಟದ ಡಬ್ಬಿಯಿಂದ. ಬೆಳಗ್ಗೆ ಅಜ್ಜ ಒಂದು ಚಿಟಿಕೆ, ಸ್ಕೂಲಿಂದ ಬಂದ ಮಗು ಒಂದು ಚಿಟಿಕೆ, ರಾತ್ರಿ ನೀವು ಒಂದು ಚಿಟಿಕೆ. ಮೀನು ಮೇಲೆ ಬಂದು ಬಾಯಿ ಬಿಟ್ಟರೆ ಹಾಕದೆ ಇರೋಕಾಗಲ್ಲ ಅಲ್ವಾ? ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಅಳತೆ. ನಮ್ಮಲ್ಲಿ ಇಡೀ ದಿನದ ಕಾಳನ್ನು ಬೆಳಗ್ಗೆಯೇ ಒಂದು ಪುಟ್ಟ ಡಬ್ಬಿಗೆ ಹಾಕಿಡುತ್ತೇವೆ. ಯಾರು ಬೇಕಾದರೂ ಹಾಕಲಿ, ಡಬ್ಬಿ ಖಾಲಿಯಾದರೆ ಊಟ ಮುಗಿಯಿತು. ವಾರಕ್ಕೊಂದು ದಿನ ಉಪವಾಸ ಇದ್ದರೂ ದೊಡ್ಡ ಮೀನಿಗೆ ಏನೂ ಆಗುವುದಿಲ್ಲ.

ಎರಡಡಿ ಟ್ಯಾಂಕಿನಲ್ಲಿ ಸುಮಾರು 50 ಲೀಟರ್ ನೀರಿರುತ್ತದೆ. ವಾರಕ್ಕೊಮ್ಮೆ ಒಂದು ಬಕೆಟ್, ಅಂದರೆ 12ರಿಂದ 15 ಲೀಟರ್ ಮಾತ್ರ ಬದಲಿಸಿ. ಪೈಪಿನ ತುದಿಯನ್ನು ಕಲ್ಲಿನ ಸಂದಿಗೆ ಇಟ್ಟು ಎಳೆದರೆ ಹೊಲಸು ಅದರ ಜೊತೆಗೇ ಬರುತ್ತದೆ. ಸ್ಪಂಜನ್ನು ಅದೇ ಬಕೆಟ್ಟಿನ ನೀರಲ್ಲಿ ನಾಲ್ಕೈದು ಸಲ ಹಿಂಡಿ ವಾಪಸ್ ಹಾಕಿ. ನೀರು ಡಿಕಾಕ್ಷನ್ ಥರ ಕಪ್ಪಾಗುತ್ತದೆ. ಸ್ಪಂಜು ಬೆಳ್ಳಗಾಗಲಿ ಅಂತ ಹಟ ಬೇಡ. ಆ ನೀರನ್ನು ಗಿಡಗಳಿಗೆ ಹಾಕಿ. ಹೊಸದಾಗಿ ತುಂಬುವ ನಲ್ಲಿ ನೀರಿಗೆ ಆಂಟಿ-ಕ್ಲೋರಿನ್ ಹನಿ ಹಾಕುವುದು ಮರೆಯಬೇಡಿ.

ಬೋರ್ ನೀರಾದರೆ ಕ್ಲೋರಿನ್ ಚಿಂತೆ ಇಲ್ಲ, ಆದರೆ ಬೇರೆ ಚಿಂತೆ ಇದೆ. ಹೊಲ, ಕೊಟ್ಟಿಗೆ, ಶೌಚದ ಗುಂಡಿ ಹತ್ತಿರದ ಬೋರಿನಲ್ಲಿ ನೈಟ್ರೇಟ್ ಮೊದಲೇ ಜಾಸ್ತಿ ಇರಬಹುದು. ಕುಡಿಯುವ ನೀರಿನಲ್ಲೇ ಲೀಟರಿಗೆ 45 ಮಿಲಿಗ್ರಾಂವರೆಗೆ ನೈಟ್ರೇಟ್ ಇರಬಹುದು ಅನ್ನುತ್ತದೆ ನಮ್ಮ ನಿಯಮ. ಹಾಗಾಗಿ ನೀರು ಬದಲಿಸುತ್ತಾ ಪಾಚಿಗೆ ಗೊಬ್ಬರ ಹಾಕುತ್ತಿರಬಹುದು! ಅಕ್ವೇರಿಯಂ ಅಂಗಡಿಯ ಟೆಸ್ಟ್ ಕಿಟ್‌ನಲ್ಲಿ ಒಂದು ಸಲ ನೋಡಿಬಿಡಿ.

ಗಿಡ ಇದ್ದರೆ ಪಾಚಿಯ ಗೊಬ್ಬರದಲ್ಲಿ ಪಾಲು ಕೇಳುತ್ತದೆ. ಆದರೆ ಗೋಲ್ಡ್‌ಫಿಶ್ ಮೆತ್ತನೆ ಗಿಡವನ್ನೆಲ್ಲ ತಿಂದುಹಾಕುತ್ತವೆ. ನನಗೆ ಇಷ್ಟವಾದ ದಾರಿ ಮನಿ ಪ್ಲಾಂಟ್. ಬಳ್ಳಿಯ ಎರಡು ತುಂಡು ಕತ್ತರಿಸಿ, ತೊಳೆದು, ಗೆಣ್ಣು ನೀರಲ್ಲಿ, ಎಲೆ ಹೊರಗೆ ಇರುವ ಹಾಗೆ ಅಂಚಿಗೆ ಸಿಕ್ಕಿಸಿ. ಸ್ವಲ್ಪ ದಿನಕ್ಕೆ ಬಿಳಿ ಬೇರು ಇಳಿಯುತ್ತದೆ, ಆಮೇಲೆ ಅದು ನೈಟ್ರೇಟ್ ಹೀರುತ್ತಲೇ ಇರುತ್ತದೆ.

ಅಂಗಡಿಯವರ ಔಷಧಿ ಪಾಚಿಯನ್ನು ಒಟ್ಟಿಗೇ ಸಾಯಿಸಿದರೆ ಅದು ನೀರಲ್ಲೇ ಕೊಳೆತು ಆಮ್ಲಜನಕ ತಿನ್ನುತ್ತದೆ. ಮೀನು ಮೇಲೆ ಬಂದು ಬಾಯಿ ಬಡಿಯುತ್ತವೆ. ತಾಮ್ರ ಇರುವ ಔಷಧಿಯಾದರೆ ಬಸವನಹುಳು, ಸೀಗಡಿ ಉಳಿಯುವುದಿಲ್ಲ. ಪಾಚಿ ತಿನ್ನುತ್ತದೆ, ಸಕ್ಕರ್ ಮೀನು ತನ್ನಿ ಅಂದರೂ ಬೇಡ. ಬೆರಳುದ್ದ ಇದ್ದಾಗ ಮಾರುತ್ತಾರೆ, ಅದು ಒಂದಡಿ ದಾಟಿ ಬೆಳೆಯುತ್ತದೆ, ಹಿಕ್ಕೆಯೂ ಅಷ್ಟೇ ಹಾಕುತ್ತದೆ. ದೊಡ್ಡದಾಯಿತು ಅಂತ ಜನ ಕೆರೆಗೆ ಬಿಟ್ಟದ್ದರಿಂದ ದೇಶದ ಎಷ್ಟೋ ಕಡೆ ಇದು ನಾಟಿ ಮೀನುಗಳಿಗೆ ಕಾಟವಾಗಿದೆ. ದಯವಿಟ್ಟು ಹಾಗೆ ಮಾಡಬೇಡಿ.

ನೀರೇ ಹಸಿರಾಗಿದ್ದರೆ ಮಾತ್ರ ದಾರಿ ಬೇರೆ. ಟ್ಯಾಂಕಿಗೆ ದಪ್ಪ ಬೆಡ್‌ಶೀಟ್ ಹೊದಿಸಿ ಮೂರ್ನಾಲ್ಕು ದಿನ ಪೂರ್ತಿ ಕತ್ತಲು ಮಾಡಿ. ಊಟ ಬೇಡ, ಏರ್ ಪಂಪ್ ಓಡುತ್ತಿರಲಿ. ಆಮೇಲೆ ಮೂರನೇ ಒಂದು ಭಾಗ ನೀರು ಬದಲಿಸಿ.

ಗಾಜಿನ ಪಾಚಿಗೆ ಅವಧಿ ಮುಗಿದ ಎಟಿಎಂ ಕಾರ್ಡು ಸಾಕು, ಮೂಲೆಯ ಸಿಲಿಕಾನ್‌ಗೆ ತಾಗಿಸದೆ ಕೆರೆಯಿರಿ. ಅದೂ ಮುಂದಿನ ಗಾಜು, ಪಕ್ಕದ ಗಾಜು ಮಾತ್ರ. ಹಿಂದಿನ ಗಾಜಿನದನ್ನು ಹಾಗೇ ಬಿಡಿ, ನಿಮ್ಮ ಗೋಲ್ಡ್‌ಫಿಶ್‌ಗಳು ಊಟದ ನಡುವೆ ಹೋಗಿ ಅದನ್ನು ಮೇಯುತ್ತಿರುತ್ತವೆ.