ಕ್ಷೌರದ ಅಂಗಡಿಯ ಬಾಗಿಲು: ಆಯದ ಕಾಲದಿಂದ ಇಂದಿನವರೆಗೆ

ಕ್ಷೌರದ ಅಂಗಡಿಯಲ್ಲಿ ದಲಿತರಿಗೆ ಕೂದಲು ಕತ್ತರಿಸಲು ಒಪ್ಪಲಿಲ್ಲ ಎಂಬ ಸುದ್ದಿ ಪತ್ರಿಕೆಯ ಒಳಪುಟಗಳಲ್ಲಿ ಆಗಾಗ ಬರುತ್ತದೆ. ತಹಶೀಲ್ದಾರರು ಬಂದರು, ಶಾಂತಿಸಭೆ ನಡೆಯಿತು, ಎಲ್ಲರೂ ಒಪ್ಪಿದರು ಎಂಬಲ್ಲಿಗೆ ಮುಗಿಯುತ್ತದೆ. ಕೆಲವು ತಿಂಗಳ ಮೇಲೆ ಬೇರೊಂದು ಊರಿನಿಂದ ಅದೇ ಸುದ್ದಿ. ಕತ್ತರಿ ಹಿಡಿದವನ ಮೇಲೆ ಸಿಟ್ಟು ಬರುವುದು ಸಹಜ. ಆದರೆ ಆ ಕತ್ತರಿಗೆ ಕೂಲಿ ಕೊಡುತ್ತಾ ಬಂದವರು ಯಾರು ಎಂಬುದನ್ನು ನೋಡದೆ ಈ ಕಗ್ಗಂಟು ಬಿಡಿಸಲಾಗದು.

ಹಳ್ಳಿಯ ಕ್ಷೌರಿಕ ಮೊದಲಿಗೆ ಅಂಗಡಿಯವನಾಗಿರಲಿಲ್ಲ. ಬಡಗಿ, ಕಮ್ಮಾರ, ಕುಂಬಾರ, ಅಗಸರಂತೆ ಊರಿನ ಆಯಗಾರರಲ್ಲಿ ಒಬ್ಬನಾಗಿದ್ದ. ಕತ್ತಿ, ಕತ್ತರಿಗಳ ಚೀಲವಾದ ಹಡಪವನ್ನು ಬಗಲಿಗಿಟ್ಟುಕೊಂಡು ಒಕ್ಕಲು ಮನೆಗಳ ಜಗಲಿಗೋ ಹಿತ್ತಿಲಿಗೋ ಹೋಗಿ ತಲೆ ಬೋಳಿಸುತ್ತಿದ್ದ, ಗಡ್ಡ ತೆಗೆಯುತ್ತಿದ್ದ. ಆಗ ಕಾಸಿನ ಮಾತಿಲ್ಲ. ಸುಗ್ಗಿಯಲ್ಲಿ ರಾಶಿಯಾದಾಗ ಕಣಕ್ಕೆ ಹೋದರೆ ಮೊರದಲ್ಲಿ ಜೋಳವೋ ರಾಗಿಯೋ ಭತ್ತವೋ ಸಿಗುತ್ತಿತ್ತು. ಅದೇ ಆಯ, ಅವನ ಮನೆಯ ವರ್ಷದ ಕೂಳು. ದಲಿತರಾದ ತೋಟಿ ಕೆಲಸದವರು, ಚರ್ಮದ ಕೆಲಸದವರು ಕೂಡ ಅದೇ ಕಣದಲ್ಲಿ ಆಯ ಪಡೆಯುತ್ತಿದ್ದರು. ಆದರೂ ಕ್ಷೌರಿಕ ಅವರ ಕೇರಿಗೆ ಕಾಲಿಡುತ್ತಿರಲಿಲ್ಲ. ಕೇರಿಯವರು ಒಬ್ಬರಿಗೊಬ್ಬರು ಕ್ಷೌರ ಮಾಡಿಕೊಳ್ಳುತ್ತಿದ್ದರು.

ಹಾಗೆಂದು ಕ್ಷೌರಿಕನಿಗೆ ಊರಿನಲ್ಲಿ ಮರ್ಯಾದೆಯಿತ್ತೇ? ಬೆಳಿಗ್ಗೆ ಎದುರಿಗೆ ಬಂದರೆ ಅಪಶಕುನ ಎನ್ನುತ್ತಿದ್ದರು. ಕ್ಷೌರ ಮಾಡಿಸಿಕೊಂಡವರು ಸ್ನಾನ ಮಾಡದೆ ಮನೆಯೊಳಗೆ ಹೋಗುತ್ತಿರಲಿಲ್ಲ. ಅವನ ಜಾತಿಯ ಹೆಸರನ್ನು ಬೈಗುಳವಾಗಿ ಬಳಸುವವರು ಇಂದಿಗೂ ಇದ್ದಾರೆ. ಹೀಗೆ ತನ್ನ ಸ್ಪರ್ಶವೇ ಮೈಲಿಗೆ ಎನಿಸಿಕೊಂಡವನು ಕೇರಿಯವರನ್ನು ಮುಟ್ಟಿದರೆ ಒಕ್ಕಲು ಮನೆಗಳವರು ಅವನ ಕತ್ತಿಯನ್ನು ಒಲ್ಲೆನ್ನುತ್ತಿದ್ದರು. ಅಲ್ಲಿಗೆ ಆಯವೂ ನಿಂತಂತೆ. ಈ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡುವುದು ಈ ಭಯವೇ.

ಬಸ್ಸು ಬಂತು, ಕೈಯಲ್ಲಿ ಕಾಸು ಓಡಾಡಿತು, ಬಸ್ ನಿಲ್ದಾಣದ ಪಕ್ಕದಲ್ಲಿ ಕನ್ನಡಿ, ಕುರ್ಚಿಗಳ ಅಂಗಡಿ ಎದ್ದಿತು. ಜಗಲಿಯಲ್ಲಿ ಏಳದಿದ್ದ ಪ್ರಶ್ನೆ ಇಲ್ಲಿ ಎದ್ದಿತು: ಎಲ್ಲರೂ ಒಂದೇ ಕುರ್ಚಿಯಲ್ಲಿ ಕೂರಬೇಕು, ಒಂದೇ ಬಟ್ಟೆಯನ್ನು ಕೊರಳಿಗೆ ಸುತ್ತಿಕೊಳ್ಳಬೇಕು. ಪಕ್ಕದ ಚಹಾದಂಗಡಿಯಲ್ಲಿ ಕೇರಿಯವರಿಗೆಂದು ಬೇರೆಯಾಗಿಟ್ಟ ಲೋಟವನ್ನು ಕಾಗದದ ಲೋಟ ಮರೆಯಾಗಿಸಿತು. ಕ್ಷೌರಕ್ಕೆ ಅಂಥ ಉಪಾಯವಿಲ್ಲ, ಬೆರಳು ತಲೆಯನ್ನು ಮುಟ್ಟಲೇಬೇಕು.

ಕಾನೂನು ಇದನ್ನು ಮೊದಲೇ ಕಂಡಿತ್ತು. 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ‘ಅಂಗಡಿ’ ಎಂದರೇನು ಎಂಬ ಪ್ರಶ್ನೆ ಬಂದಾಗ, ಸೇವೆ ಪಡೆಯುವ ಹಕ್ಕೂ ಅದರಲ್ಲಿ ಸೇರಿದೆ ಎಂದು ಅಂಬೇಡ್ಕರ್ ಸ್ಪಷ್ಟಪಡಿಸಿದ್ದರು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಕ್ಷೌರದ ಅಂಗಡಿಯನ್ನು ಹೆಸರಿಸಿಯೇ ಹೇಳಿತು. 1976ರಲ್ಲಿ ಅದು ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯಾಯಿತು. 1989ರಲ್ಲಿ ದೌರ್ಜನ್ಯ ತಡೆ ಕಾಯಿದೆ ಬಂತು, 2015ರ ತಿದ್ದುಪಡಿ ಅದಕ್ಕೆ ಬಲ ಕೊಟ್ಟಿತು.

ಇಷ್ಟಾದ ಮೇಲೂ 2020ರಲ್ಲಿ ನಂಜನಗೂಡು ತಾಲ್ಲೂಕಿನ ಹಲ್ಲರೆಯಿಂದ ಒಂದು ದೂರು ಬಂತು. ಅಲ್ಲಿ ದೂರು ಕೊಟ್ಟವರು ಕ್ಷೌರಿಕರೇ. ದಲಿತರ ಕೂದಲು ಕತ್ತರಿಸಿದ್ದಕ್ಕೆ ಊರಿನ ಕೆಲವರು ತಮಗೆ 50,000 ರೂಪಾಯಿ ದಂಡ ಹಾಕಿ ಬಹಿಷ್ಕರಿಸಿದ್ದಾರೆ ಎಂಬುದು ಅವರ ಅಳಲು. ಆಯ ಹೋದರೂ ಆಯ ಕೊಡುತ್ತಿದ್ದವರ ಹಿಡಿತ ಹೋಗಿರಲಿಲ್ಲ. ಗ್ರಾಮ ಪಂಚಾಯಿತಿಗಳ ಮೂಲಕ ಸರ್ಕಾರಿ ಕ್ಷೌರದ ಅಂಗಡಿ ತೆರೆಯುವ ಪ್ರಸ್ತಾವ ರಾಜ್ಯದಲ್ಲಿ ಚರ್ಚೆಗೆ ಬಂದದ್ದೂ ಅದೇ ವರ್ಷ.

ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ಹಾನಿ ಇನ್ನೂ ದೊಡ್ಡದಾಯಿತು. ಕ್ಷೌರದಂಗಡಿ, ಹೋಟೆಲುಗಳ ಪ್ರವೇಶದ ವಿಷಯದಲ್ಲಿ ಊರು ಕುದಿಯುತ್ತಿದ್ದಾಗ, 2014ರ ಆಗಸ್ಟ್ 28ರಂದು ದಲಿತರ ಮೇಲೆ ದಾಳಿ ನಡೆದು ಗುಡಿಸಲುಗಳಿಗೆ ಬೆಂಕಿ ಬಿತ್ತು. ತೀರ್ಪು ಬರಲು ಹತ್ತು ವರ್ಷ ಬೇಕಾಯಿತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮುಂದಿನ ತಿಂಗಳೇ ಹೈಕೋರ್ಟಿನ ಧಾರವಾಡ ಪೀಠ ಅವರಲ್ಲಿ ಬಹುತೇಕರಿಗೆ ಜಾಮೀನು ನೀಡಿತು.

ಶಿಕ್ಷೆಯ ಸುದ್ದಿ ಹಳ್ಳಿಗಳಿಗೆ ತಲುಪದೇ ಇರಲಿಲ್ಲ. ಆದರೆ 2025ರ ಆರಂಭದಲ್ಲಿ ಅದೇ ಜಿಲ್ಲೆಯ ಮುದ್ದಾಬಳ್ಳಿಯಿಂದ ಬಂದ ವರದಿ ಹಳೆಯ ಕಾಲವನ್ನೇ ನೆನಪಿಸಿತು. ದಲಿತರಿಗೂ ಕ್ಷೌರ ಮಾಡಬೇಕೆಂದು ಪೊಲೀಸರು ತಿಳಿಹೇಳಿದ ಮೇಲೆ ಅಲ್ಲಿ ಅಂಗಡಿಗಳ ಬಾಗಿಲು ಮುಚ್ಚಿದ್ದವು. ಕತ್ತರಿ, ಬಾಚಣಿಗೆ ಹಿಡಿದು ಕ್ಷೌರಿಕರು ಮತ್ತೆ ಮನೆಮನೆಗೆ ಹೋಗುತ್ತಿದ್ದರು. ಕೇರಿಯ ಹುಡುಗರು ಕೊಪ್ಪಳದ ದಾರಿ ಹಿಡಿದಿದ್ದರು.